ಫೋನ್ ವಾಪಸ್ ಕೊಟ್ಟ ಮೇಲೂ ಬಿಲ್ ಬಂದಿದೆಯಾ? ಅಮೆರಿಕದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊಬೈಲ್ ಕಂಪನಿಗೆ ಫೋನ್ ಹಿಂದಿರುಗಿಸಿದ ಮೇಲೂ ಅದರ ಪೂರ್ತಿ ಬೆಲೆ ಬಿಲ್ಲಿಗೆ ಬಿದ್ದ ಕಥೆಯನ್ನು ಅಮೆರಿಕದಲ್ಲಿರುವ ನಮ್ಮವರು ಮೇಲ್‌ನಲ್ಲಿ, ಮೆಸೇಜಿನಲ್ಲಿ, ಕನ್ನಡ ಕೂಟದ ಊಟದ ಸಾಲಿನಲ್ಲಿ ಹೇಳುತ್ತಲೇ ಇರುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಸುಲಭದವು ಮೊದಲು, ಕಾನೂನಿನವು ಆಮೇಲೆ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ. ನಾನು ವಕೀಲಳಲ್ಲ. ಮೊತ್ತ ದೊಡ್ಡದಿದ್ದರೆ ನಿಮ್ಮ ರಾಜ್ಯದ ವಕೀಲರೊಬ್ಬರನ್ನು ಕೇಳಿ.

## ಬಿಲ್ ನೋಡಿದ ಕೂಡಲೇ

ಫೋನ್ ವಾಪಸ್ ಕಳಿಸಿ ಎರಡು ತಿಂಗಳಾಯ್ತು, ಈಗ 800 ಡಾಲರ್ ಹಾಕಿದಾರೆ. ಹೀಗೂ ಆಗತ್ತಾ?

ಆಗುತ್ತದೆ, ಬೇಕಾದಷ್ಟು ಜನರಿಗೆ ಆಗಿದೆ. ನೀವು ಕಳಿಸಿದ ಡಬ್ಬಿ ಕಂಪನಿಯ ಗೋದಾಮಿಗೆ ಹೋಗುತ್ತದೆ. ಅಲ್ಲಿ ಯಾರೋ ಅದನ್ನು ಬಿಚ್ಚಿ, ಫೋನಿನ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ನಂಬರ್) ಸ್ಕ್ಯಾನ್ ಮಾಡಿ, ಅದು ನಿಮ್ಮ ಅಕೌಂಟಿನಲ್ಲಿ ತೆರೆದಿರುವ ರಿಟರ್ನ್ ನಂಬರಿಗೆ ತಾಳೆ ಆಗಬೇಕು. ತಾಳೆ ಆಗದಿದ್ದರೆ ಅವರ ಕಂಪ್ಯೂಟರಿನ ಪ್ರಕಾರ ಫೋನ್ ಬಂದೇ ಇಲ್ಲ, ಗಡುವು ಮುಗಿದ ದಿನ ತಾನಾಗಿ ಚಾರ್ಜ್ ಬೀಳುತ್ತದೆ. ಯಾರೂ ಕೂತು ಯೋಚನೆ ಮಾಡಿ ಹಾಕಿದ ಚಾರ್ಜ್ ಅಲ್ಲ ಅದು.

ತಾಳೆ ತಪ್ಪುವುದಕ್ಕೆ ಸಾಮಾನ್ಯ ಕಾರಣಗಳಿವೆ. ಗಂಡ ಹೆಂಡತಿ ಇಬ್ಬರ ಫೋನನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಕಳಿಸಿರುತ್ತಾರೆ, ಲೇಬಲ್ ಒಂದೇ ಫೋನಿಗೆ ಸೇರಿದ್ದಾಗಿರುತ್ತದೆ. ಅಥವಾ ಎರಡು ಲೇಬಲ್ ಅದಲು ಬದಲಾಗಿರುತ್ತವೆ. ಎರಡು ಸಿಮ್ ನಡೆಯುವ ಫೋನಿಗೆ ಎರಡು ಐಎಂಇಐ ಇರುತ್ತವೆ, ಬಿಲ್ಲಿಂಗ್‌ನಲ್ಲಿ ಒಂದು, ಗೋದಾಮಿನಲ್ಲಿ ಇನ್ನೊಂದು ದಾಖಲಾಗಿರುತ್ತದೆ. ಫೋನ್ ತಡವಾಗಿ ತಲುಪಿ, ಅಷ್ಟರಲ್ಲಿ ಚಾರ್ಜ್ ಬಿದ್ದು, ಆಮೇಲೆ ಅದನ್ನು ತೆಗೆಯಲು ಯಾರೂ ಕೈ ಹಾಕದೆ ಇರುವುದೂ ಉಂಟು.

ಬಿಲ್ಲಲ್ಲಿ ಏನೇನೋ ಹೆಸರು ಇದೆ. ಯಾವುದು ಯಾವುದು ಅಂತ ಗೊತ್ತಾಗ್ತಿಲ್ಲ.

ಪಿಡಿಎಫ್ ಬಿಲ್ ಇಳಿಸಿಕೊಳ್ಳಿ. ಆ್ಯಪ್‌ನಲ್ಲಿ ಕಾಣುವುದು ಬರೀ ಮೊತ್ತ. ಪಿಡಿಎಫ್‌ನಲ್ಲಿ ನಂಬರಿನ ಕೆಳಗೆ ಒಂದೊಂದೇ ಸಾಲು ಇರುತ್ತದೆ. ನಾನ್ ರಿಟರ್ನ್ ಫೀ ಅಂದರೆ ಫೋನ್ ಬಂದಿಲ್ಲ ಅನ್ನುವ ವಾದ. ಉಳಿದ ಕಂತುಗಳೆಲ್ಲ ಒಟ್ಟಿಗೆ ಬಿದ್ದಿದ್ದರೆ ಅವರು ನಿಮ್ಮ ಕಂತಿನ ಒಪ್ಪಂದವನ್ನು ರದ್ದು ಮಾಡದೆ, ಪೂರ್ತಿ ಬಾಕಿ ಕೇಳುತ್ತಿದ್ದಾರೆ ಅಂತ. ರೀಸ್ಟಾಕಿಂಗ್ ಫೀ ಬೇರೆ, ಅದು ಕೊಂಡ ಫೋನನ್ನು ಮನಸ್ಸು ಬದಲಾಗಿ ಹಿಂದಿರುಗಿಸಿದ್ದಕ್ಕೆ ಹಾಕುವ ಶುಲ್ಕ, ಸುಮಾರಾಗಿ 50 ಡಾಲರಿನ ಆಸುಪಾಸು ಇರುತ್ತದೆ, ಒಪ್ಪಂದದಲ್ಲಿ ಬರೆದಿದ್ದರೆ ಅದನ್ನು ಪ್ರಶ್ನಿಸುವುದು ಕಷ್ಟ.

ಇನ್ನೊಂದು ಸಾಲು ಬಹಳ ಜನ ನೋಡುವುದೇ ಇಲ್ಲ: ಸೇಲ್ಸ್ ಟ್ಯಾಕ್ಸ್. ಕೆಲವು ರಾಜ್ಯಗಳಲ್ಲಿ ಪ್ಲಾನ್ ಜೊತೆ ರಿಯಾಯಿತಿಯಲ್ಲಿ ಫೋನ್ ಕೊಂಡರೂ ತೆರಿಗೆ ಪೂರ್ತಿ ಬೆಲೆಯ ಮೇಲೆ ಬಿದ್ದಿರಬಹುದು. ಫೋನ್ ಹಿಂದಿರುಗಿಸಿದಾಗ ಆ ತೆರಿಗೆಯೂ ವಾಪಸ್ ಬರಬೇಕು. ಚಾರ್ಜ್ ತೆಗೆದರು ಅಂತ ಖುಷಿಪಟ್ಟು ಇದನ್ನು ಬಿಟ್ಟುಬಿಡಬೇಡಿ.

ಮೊದಲು ಕಾಲ್ ಮಾಡ್ಲಾ, ಅಂಗಡಿಗೆ ಹೋಗ್ಲಾ?

ಮೊದಲು ಚಾಟ್ ಮಾಡಿ. ಚಾಟ್‌ನಲ್ಲಿ ಅವರು ಬರೆದದ್ದು ಉಳಿಯುತ್ತದೆ. ಫೋನಿನಲ್ಲಿ ಎಷ್ಟು ಒಳ್ಳೆಯವರು ಸಿಕ್ಕರೂ ಅದು ಬಾಯಿ ಮಾತು, ಮುಂದಿನ ಸಲ ಸಿಗುವವರು ಇನ್ನೊಬ್ಬರು, ಅವರಿಗೆ ಮತ್ತೆ ಮೊದಲಿಂದ ಹೇಳಬೇಕು. ಗೋದಾಮು ಒಂದು ಮಾತು ಹೇಳುತ್ತದೆ, ಬಿಲ್ಲಿಂಗ್ ಇನ್ನೊಂದು, ಎತ್ತು ಏರಿಗೆ ಕೋಣ ನೀರಿಗೆ ಅನ್ನುವ ಹಾಗೆ. ಚಾಟ್ ಮುಗಿಯುವ ಮೊದಲು ಪೂರ್ತಿ ಸಂಭಾಷಣೆಯನ್ನು ಮೇಲ್ ಮಾಡಿಸಿಕೊಳ್ಳಿ, ಆಗದಿದ್ದರೆ ಸ್ಕ್ರೀನ್‌ಶಾಟ್ ತೆಗೆಯಿರಿ. ಟಿಕೆಟ್ ನಂಬರ್ ಕೇಳಿ. ಕೊಡಲ್ಲ ಅಂದರೆ ಕೊಡಲ್ಲ ಅಂದಿದ್ದೂ ದಾಖಲೆಯೇ.

ಅಂಗಡಿಗೆ ಹೋಗುವುದು ನೀವು ಫೋನನ್ನು ಅಂಗಡಿಯಲ್ಲೇ ಕೊಟ್ಟಿದ್ದರೆ ಮಾತ್ರ ಪ್ರಯೋಜನ. ಪೋಸ್ಟಿನಲ್ಲಿ ಕಳಿಸಿದ್ದಕ್ಕೆ ಅಂಗಡಿಯವರು ಮಾಡುವುದು ನಿಮ್ಮ ಎದುರಿಗೇ ಅದೇ ಕಸ್ಟಮರ್ ಕೇರಿಗೆ ಕಾಲ್ ಮಾಡುವುದು, ಅಷ್ಟೆ.

ಐಎಂಇಐ ಬರೆದಿಟ್ಟುಕೊಂಡಿರಲಿಲ್ಲ, ಈಗ ಫೋನೂ ಕೈಲಿಲ್ಲ. ಏನ್ ಮಾಡೋದು?

ಫೋನ್ ಕೈಯಲ್ಲಿದ್ದಾಗ *#06# ಒತ್ತಿದರೆ 15 ಅಂಕಿಯ ಆ ನಂಬರ್ ಕಾಣುತ್ತದೆ. ಈಗ ಇಲ್ಲ ಅಂದರೂ ಹುಡುಕಬಹುದು. ಫೋನ್ ಬಂದ ಖಾಲಿ ಡಬ್ಬಿಯ ಹಿಂದಿನ ಸ್ಟಿಕ್ಕರ್ ನೋಡಿ. ಕೊಂಡಾಗ ಬಂದ ರಶೀದಿ ಅಥವಾ ಕಂತಿನ ಒಪ್ಪಂದದಲ್ಲಿ ಇರುತ್ತದೆ. ಮೊಬೈಲ್ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಲೈನಿನ ಡಿವೈಸ್ ವಿವರದಲ್ಲೂ ಹಳೆಯದು ಉಳಿದಿರುವ ಸಾಧ್ಯತೆ ಇದೆ. ಸಿಕ್ಕ ಕೂಡಲೇ ಬರೆದಿಡಿ. ಮುಂದೆ ನೀವು ಬರೆಯುವ ಪ್ರತಿ ಕಾಗದದಲ್ಲೂ ಐಎಂಇಐ ಮತ್ತು ಟ್ರ್ಯಾಕಿಂಗ್ ನಂಬರ್ ಒಂದೇ ಸಾಲಿನಲ್ಲಿ ಇರಬೇಕು. ಇಡೀ ಜಗಳ ನಿಂತಿರುವುದೇ ಈ ಎರಡು ನಂಬರನ್ನು ಕೂಡಿಸುವುದರ ಮೇಲೆ.

ಪೋಸ್ಟ್ ಮಾಡಿದ ರಶೀದಿ ಕಳೆದೋಗಿದೆ. ಹೋಯ್ತಾ ದುಡ್ಡು?

ಹೋಗಿಲ್ಲ. ಕಂಪನಿ ಲೇಬಲ್ ಕಳಿಸಿದ ಮೇಲ್ ಹುಡುಕಿ, ಲೇಬಲ್ ಮೇಲೆಯೇ ಟ್ರ್ಯಾಕಿಂಗ್ ನಂಬರ್ ಇರುತ್ತದೆ. ಯುಪಿಎಸ್ ಕೊರಿಯರಿನದಾದರೆ 1 ಮತ್ತು ಝಡ್‌ನಿಂದ ಶುರುವಾಗಿ ಒಟ್ಟು 18 ಅಕ್ಷರ ಅಂಕಿ. ಡಬ್ಬಿಯ ಜೊತೆ ಬಂದ ಅಚ್ಚಾದ ಲೇಬಲ್ ಆಗಿದ್ದರೆ ಚಾಟ್‌ನಲ್ಲಿ ಕೇಳಿ, ಅವರು ಕೊಟ್ಟ ಲೇಬಲ್, ಅವರ ಹತ್ತಿರ ನಂಬರ್ ಇದ್ದೇ ಇರುತ್ತದೆ.

ನಂಬರ್ ಸಿಕ್ಕ ದಿನವೇ ಟ್ರ್ಯಾಕಿಂಗ್ ಪುಟ ತೆರೆದು ಪೂರ್ತಿ ಹಾದಿಯ ಸ್ಕ್ರೀನ್‌ಶಾಟ್ ತೆಗೆಯಿರಿ. ಡೆಲಿವರಿ ಪುರಾವೆ ಅನ್ನುವ ಪುಟ ಇದ್ದರೆ ಅದನ್ನೂ ಪಿಡಿಎಫ್ ಮಾಡಿಕೊಳ್ಳಿ. ಯಾವ ಊರು, ಯಾವ ದಿನ, ಎಷ್ಟು ಗಂಟೆ, ಯಾರು ಸಹಿ ಹಾಕಿದರು, ಗೋದಾಮಿನ ಸರಕು ಇಳಿಸುವ ಕಟ್ಟೆಯಲ್ಲಿ ಬಿಟ್ಟರಾ, ಎಲ್ಲ ಅದರಲ್ಲಿರುತ್ತದೆ. ತಿಂಗಳು ಕಳೆದಂತೆ ಈ ವಿವರಗಳು ಕೊರಿಯರ್ ಸೈಟಿನಿಂದ ಮಾಯವಾಗುತ್ತವೆ, ಆದ್ದರಿಂದ ನಾಳೆ ಅನ್ನಬೇಡಿ. ಇನ್ನು ರಶೀದಿ ಕೈಯಲ್ಲಿ ಇರುವವರು ಅದರ ಫೋಟೊ ತೆಗೆಯಿರಿ. ಕೌಂಟರಿನಲ್ಲಿ ಕೊಡುವ ಆ ನುಣುಪು ಕಾಗದದ ಅಕ್ಷರ ಕಾರಿನ ಡ್ಯಾಶ್‌ಬೋರ್ಡಿನ ಬಿಸಿಲಿಗೆ ಕೆಲವೇ ದಿನದಲ್ಲಿ ಅಳಿಸಿಹೋಗುತ್ತದೆ.

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋಬೇಕು, ಕಟ್ಟಿ ಕೈ ತೊಳ್ಕೊಳ್ಳೋದು ವಾಸಿ ಅಲ್ವಾ?

35 ಡಾಲರಿಗೆ ಈ ಮಾತು ಹೇಳಿದರೆ ನಾನು ಒಪ್ಪಿಕೊಳ್ಳಬಹುದು. 800 ಡಾಲರಿಗೆ ಒಪ್ಪುವುದಿಲ್ಲ. ಹೊಸದಾಗಿ ಬಂದ ವಿದ್ಯಾರ್ಥಿಗೆ ಅದು ಒಂದು ತಿಂಗಳ ಬಾಡಿಗೆ. ನೀವು ಫೋನ್ ಕೊಟ್ಟಿದ್ದೀರಿ, ಅವರ ಹತ್ತಿರ ಫೋನ್ ಇದೆ, ದುಡ್ಡೂ ಅವರಿಗೇ ಯಾಕೆ? ನಮ್ಮವರಲ್ಲಿ ವೀಸಾದ ಭಯದಿಂದ ಸುಮ್ನೆ ಕಟ್ಟಿಬಿಡುವವರು ಜಾಸ್ತಿ. ಫೋನ್ ಬಿಲ್ ತಕರಾರು ಸಿವಿಲ್ ವಿಷಯ. ಪೊಲೀಸರಿಗೂ ಇದಕ್ಕೂ ಸಂಬಂಧ ಇಲ್ಲ. ತಕರಾರು ಹಾಕುವುದು ಗ್ರಾಹಕರಾದ ನಿಮಗೆ ಕಾನೂನೇ ಕೊಟ್ಟಿರುವ ದಾರಿ.

## ಒಂದೊಂದು ಸನ್ನಿವೇಶಕ್ಕೆ

ತಕರಾರು ಮುಗಿಯೋವರೆಗೂ ಬಿಲ್ ಕಟ್ಟೋದು ನಿಲ್ಲಿಸ್ಲಾ?

ಪೂರ್ತಿ ನಿಲ್ಲಿಸಬೇಡಿ. ಪ್ಲಾನಿನ ದುಡ್ಡು, ಬೇರೆ ಫೋನುಗಳ ಕಂತು, ಅವುಗಳ ತೆರಿಗೆ, ಇವೆಲ್ಲ ನೀವು ಒಪ್ಪುವ ಭಾಗ. ಅದನ್ನು ಗಡುವಿನೊಳಗೆ ಕಟ್ಟಿ. ತಕರಾರಿನ ಮೊತ್ತ ಮಾತ್ರ ಹಿಡಿದಿಡಿ, ಹಿಡಿದಿಟ್ಟಿದ್ದೇನೆ ಅಂತ ಅದೇ ದಿನ ಬರೆದು ತಿಳಿಸಿ. ಬಿಲ್ಲನ್ನು ಪ್ರಶ್ನಿಸಲು ಕಂಪನಿಗಳ ಒಪ್ಪಂದದಲ್ಲಿ ಒಂದು ಅವಧಿ ಇರುತ್ತದೆ. ಒಬ್ಬೊಬ್ಬರದು ಒಂದೊಂದು ಥರ, ನೀವು 60 ದಿನ ಅಂತಲೇ ಲೆಕ್ಕ ಹಿಡಿದರೆ ಕ್ಷೇಮ.

ಆಟೊಪೇ ಇದ್ದರೆ ಬಿಲ್ ದಿನಕ್ಕೆ ಮೊದಲೇ ತೆಗೆಯಿರಿ. ಆಟೊಪೇ ರಿಯಾಯಿತಿ ಒಂದೆರಡು ತಿಂಗಳು ಹೋಗಬಹುದು, ಹೋಗಲಿ. ಬ್ಯಾಂಕ್ ಅಕೌಂಟಿನಿಂದ ನೇರ ಎಳೆಯುತ್ತಿದ್ದರೆ, ಎಳೆಯುವ ದಿನಕ್ಕೆ ಕನಿಷ್ಠ ಮೂರು ಬ್ಯಾಂಕ್ ಕೆಲಸದ ದಿನ ಮುಂಚೆ ಹೇಳಿದರೆ ಬ್ಯಾಂಕ್ ಅದನ್ನು ತಡೆಯಬೇಕು ಅಂತ ಫೆಡರಲ್ ಕಾನೂನಿದೆ. ಒಮ್ಮೆ ಹಣ ಹೋದ ಮೇಲೆ ವಾಪಸ್ ತರುವುದು ಹೋಗದಂತೆ ತಡೆಯುವುದಕ್ಕಿಂತ ಎಷ್ಟೋ ಕಷ್ಟ.

ಟ್ರ್ಯಾಕಿಂಗ್ ಡೆಲಿವರ್ಡ್ ಅಂತಿದೆ, ಅವರು ಖಾಲಿ ಡಬ್ಬಿ ಬಂದಿದೆ ಅಂತಾರೆ!

ಇದು ಎಲ್ಲಕ್ಕಿಂತ ಹೊಟ್ಟೆ ಉರಿಸುವ ಕೇಸು, ಯಾಕೆಂದರೆ ನಿಮ್ಮನ್ನೇ ಕಳ್ಳರನ್ನಾಗಿ ಮಾಡುತ್ತದೆ. ಆದರೂ ಸಿಟ್ಟು ಬದಿಗಿಟ್ಟು ಮೂರು ವಿಷಯ ಬರವಣಿಗೆಯಲ್ಲಿ ಕೇಳಿ. ಡಬ್ಬಿ ತೆರೆದ ತಾರೀಕು ಯಾವುದು, ತೆರೆದಾಗಿನ ತಪಾಸಣೆಯ ವರದಿ ಅಥವಾ ಫೋಟೊ ಎಲ್ಲಿದೆ, ಖಾಲಿ ಅಂತ ಕೊರಿಯರಿಗೆ ಕ್ಲೈಮ್ ಹಾಕಿದ್ದೀರಾ. ನಿಜವಾಗಿ ಖಾಲಿ ಬಂದಿದ್ದರೆ ಲೇಬಲ್ ಕೊಟ್ಟ ಕಂಪನಿ ಕೊರಿಯರನ್ನು ಕೇಳಬೇಕಿತ್ತು ಅಲ್ವಾ?

ನಿಮ್ಮ ಕಡೆಯಿಂದ ತೂಕ ಬಹಳ ಮುಖ್ಯ. ಕೌಂಟರಿನಲ್ಲಿ ತೂಗಿ ರಶೀದಿ ಕೊಟ್ಟಿದ್ದರೆ ಅದರಲ್ಲಿ ತೂಕ ಇರಬಹುದು. ಈಗಿನ ಫೋನುಗಳು ಸುಮಾರಾಗಿ 170ರಿಂದ 240 ಗ್ರಾಂ ತೂಗುತ್ತವೆ, ಖಾಲಿ ಡಬ್ಬಿಗೂ ಫೋನಿರುವ ಡಬ್ಬಿಗೂ ವ್ಯತ್ಯಾಸ ತಕ್ಕಡಿಯಲ್ಲಿ ಕಾಣುತ್ತದೆ. ಆದರೆ ಹುಷಾರು, ಟ್ರ್ಯಾಕಿಂಗ್ ಪುಟದಲ್ಲಿ ಕಾಣುವ ತೂಕ ಎಷ್ಟೋ ಸಲ ಲೇಬಲ್ ಮಾಡಿದಾಗ ಅಂದಾಜಿಗೆ ಬರೆದದ್ದು, ತೂಗಿದ್ದಲ್ಲ. ಅದೊಂದನ್ನೇ ನಂಬಿ ವಾದ ಕಟ್ಟಬೇಡಿ.

ಇನ್ನು ಮುಂದೆ ಕಳಿಸುವವರಿಗೆ: ಫೋನ್ ಆನ್ ಮಾಡಿ ಐಎಂಇಐ ಪರದೆಯಲ್ಲಿ ಕಾಣುವ ಹಾಗೆ ವಿಡಿಯೊ ಶುರು ಮಾಡಿ. ಹಾಗೇ ಆಫ್ ಮಾಡಿ, ಡಬ್ಬಿಗೆ ಹಾಕಿ, ಟೇಪ್ ಅಂಟಿಸಿ, ಲೇಬಲ್ ತೋರಿಸಿ ನಿಲ್ಲಿಸಿ. ಮಧ್ಯೆ ಕತ್ತರಿಸಬಾರದು. ಡ್ರಾಪ್ ಬಾಕ್ಸಿಗೆ ಹಾಕದೆ ಕೌಂಟರಿನಲ್ಲಿ ಕೈಗೆ ಕೊಟ್ಟು ರಶೀದಿ ತೆಗೆದುಕೊಳ್ಳಿ.

ಅಂಗಡಿಯಲ್ಲೇ ಕೊಟ್ಟೆ. ಆ ಹುಡುಗ ಎಲ್ಲಾ ಸಿಸ್ಟಮ್‌ನಲ್ಲಿದೆ ಅಂದ, ಪೇಪರ್ ಕೊಡಲಿಲ್ಲ.

ಮೊದಲು ಅದು ಕಂಪನಿಯದೇ ಅಂಗಡಿಯಾ, ಅಥವಾ ಕಂಪನಿಯ ಬೋರ್ಡ್ ಹಾಕಿಕೊಂಡ ಡೀಲರ್ ಅಂಗಡಿಯಾ ನೋಡಿ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ರಶೀದಿಯಲ್ಲಿ ಅಥವಾ ಕಂಪನಿಯ ಸೈಟಿನ ಅಂಗಡಿ ಪಟ್ಟಿಯಲ್ಲಿ ಬೇರೆ ಹೆಸರಿದ್ದರೆ ಡೀಲರ್. ಡೀಲರ್ ಆದರೆ ಫೋನ್ ಇನ್ನೂ ಅವರ ಕಪಾಟಿನಲ್ಲೇ ಕೂತಿರಬಹುದು, ಕಂಪನಿಗೆ ಹೋಗದೆ.

ಮ್ಯಾನೇಜರ್ ಇರುವ ಹೊತ್ತಿಗೆ ಹೋಗಿ. ಹೋದ ದಿನ, ಗಂಟೆ, ಕೊಟ್ಟ ಫೋನಿನ ಮಾದರಿ ಬರೆದುಕೊಂಡು ಹೋಗಿ. ಆ ದಿನದ ರಿಟರ್ನ್ ರಶೀದಿಯನ್ನು ಮತ್ತೆ ಅಚ್ಚು ಹಾಕಿ ಕೊಡಿ ಅಂತ ಕೇಳಿ. ಅಂಗಡಿಯ ಕ್ಯಾಮೆರಾ ದೃಶ್ಯ ಉಳಿಸಿಡಿ ಅಂತ ಅವತ್ತೇ ಮೇಲ್ ಹಾಕಿ, ಅದು ಬಹಳ ದಿನ ಇರುವುದಿಲ್ಲ. ನಿಮ್ಮ ಹೊಸ ಫೋನಿನ ಲೊಕೇಶನ್ ಹಿಸ್ಟರಿ, ಪಾರ್ಕಿಂಗ್ ರಶೀದಿ, ಅಂಗಡಿಯಿಂದ ಹೊರಟಾಗ ಮನೆಗೆ ಮಾಡಿದ ಮೆಸೇಜು, ಇಂಥ ಸಣ್ಣ ಪುಟ್ಟವೂ ಲೆಕ್ಕಕ್ಕೆ ಬರುತ್ತವೆ.

ಟ್ರೇಡ್ ಇನ್ ಕೊಟ್ಟ ಹಳೆ ಫೋನಿಗೆ 800 ಅಂದಿದ್ರು, ಈಗ 40 ಕೊಡ್ತೀವಿ ಅಂತಾರೆ. ಇದೂ ಅದೇ ಥರಾನಾ?

ಹತ್ತಿರದ್ದು, ಆದರೆ ಒಂದೇ ಅಲ್ಲ. ಟ್ರೇಡ್ ಇನ್ ದುಡ್ಡು ಒಟ್ಟಿಗೆ ಬರುವುದಿಲ್ಲ, 24 ಅಥವಾ 36 ತಿಂಗಳ ಬಿಲ್ಲಿನಲ್ಲಿ ಚೂರು ಚೂರಾಗಿ ಕಳೆಯುತ್ತಾರೆ. ಹಾಗಾಗಿ ತಪ್ಪಾಗಿದೆ ಅಂತ ಗೊತ್ತಾಗುವ ಹೊತ್ತಿಗೆ ಎರಡು ಮೂರು ಬಿಲ್ ಆಗಿರುತ್ತದೆ. ಇಲ್ಲಿ ಬೇಕಾದ ಸಾಕ್ಷಿ ಎರಡು. ಒಂದು, ನೀವು ಕೊಂಡ ದಿನದ ಆಫರ್ ಪುಟ ಅಥವಾ ಆರ್ಡರ್ ಖಚಿತಪಡಿಸಿದ ಮೇಲ್. ಇನ್ನೊಂದು, ಕಳಿಸುವಾಗ ಫೋನ್ ಚೆನ್ನಾಗಿತ್ತು ಅಂತ ತೋರಿಸುವ ಫೋಟೊ, ಗಾಜು, ಹಿಂಭಾಗ, ಆನ್ ಆಗಿರುವ ಪರದೆ. ಒಡೆದಿದೆ ಅಂದರೆ ಅವರ ಫೋಟೊ ಕೇಳಿ. ಒಪ್ಪದಿದ್ದರೆ ಫೋನ್ ವಾಪಸ್ ಕೊಡಿ ಅಂತ ಬರೆಯಿರಿ. ಫೋನ್ ಈಗಾಗಲೇ ಮಾರಿಹೋಗಿದ್ದರೆ ಅವರ ವಾದ ಅಲ್ಲೇ ಸಡಿಲವಾಗುತ್ತದೆ.

ಫೈಂಡ್ ಮೈ ಆಫ್ ಮಾಡದೇ ಕಳಿಸ್ಬಿಟ್ಟೆ. ಅದಕ್ಕೇ ಚಾರ್ಜ್ ಹಾಕಿದಾರಾ?

ಇರಬಹುದು. ಕಳೆದ ಐಫೋನ್ ಹುಡುಕಲು ಇರುವ ಫೈಂಡ್ ಮೈ ಆನ್ ಇದ್ದರೆ ಫೋನಿಗೆ ನಿಮ್ಮ ಅಕೌಂಟಿನ ಬೀಗ ಬಿದ್ದಿರುತ್ತದೆ, ಅದೇ ಆ್ಯಕ್ಟಿವೇಶನ್ ಲಾಕ್. ಅದಿರುವ ಐಫೋನ್ ಅವರಿಗೆ ಉಪಯೋಗಕ್ಕೆ ಬರುವುದಿಲ್ಲ, ಆಂಡ್ರಾಯ್ಡ್‌ನಲ್ಲಿ ಗೂಗಲ್ ಅಕೌಂಟ್ ಉಳಿದಿದ್ದರೂ ಅದೇ ಕಥೆ. ಒಳ್ಳೆಯ ಸುದ್ದಿ ಏನೆಂದರೆ ಫೋನ್ ಕೈಯಲ್ಲಿ ಇಲ್ಲದೆಯೂ ಲಾಕ್ ತೆಗೆಯಬಹುದು. ಐಕ್ಲೌಡ್ ಸೈಟಿಗೆ ಹೋಗಿ ಆ ಫೋನನ್ನು ಅಳಿಸಿ, ಆಮೇಲೆ ಅಕೌಂಟಿನಿಂದ ತೆಗೆಯಿರಿ. ತೆಗೆದದ್ದಕ್ಕೆ ಸ್ಕ್ರೀನ್‌ಶಾಟ್ ಇಟ್ಟು, ಇಂಥ ದಿನ ಲಾಕ್ ತೆಗೆದಿದ್ದೇನೆ, ಮತ್ತೆ ತಪಾಸಣೆ ಮಾಡಿ ಅಂತ ಕಂಪನಿಗೆ ಬರೆಯಿರಿ. ಇದರಲ್ಲಿ ಒಂದು ಲಾಭವೂ ಇದೆ: ಲಾಕ್ ಇದೆ ಅಂತ ಅವರು ಹೇಳಿದ ಕ್ಷಣವೇ ಫೋನ್ ತಲುಪಿದೆ ಅಂತ ಒಪ್ಪಿಕೊಂಡ ಹಾಗಾಯಿತು.

ನಾನು ಆರ್ಡರೇ ಮಾಡಿಲ್ಲ, ಮನೆಗೆ ಫೋನ್ ಬಂತು. ಕಂಪನಿಯವರೇ ಕಾಲ್ ಮಾಡಿ ತಪ್ಪಾಗಿದೆ, ಈ ವಿಳಾಸಕ್ಕೆ ಕಳಿಸಿ ಅಂದ್ರು. ಕಳಿಸಿದೆ. ಈಗ ಬಿಲ್ ಬಂದಿದೆ.

ಇದು ಮೋಸ. ಯಾರೋ ನಿಮ್ಮ ಅಕೌಂಟಿಗೆ ನುಗ್ಗಿ, ನಿಮ್ಮ ಹೆಸರಲ್ಲಿ ಫೋನ್ ತರಿಸಿ, ಆಮೇಲೆ ಕಂಪನಿಯವರ ಥರ ಮಾತಾಡಿ ಅದನ್ನು ತಮ್ಮ ವಿಳಾಸಕ್ಕೆ ಹಾಕಿಸಿಕೊಂಡಿದ್ದಾರೆ. ಕೂಡಲೇ ಅಕೌಂಟಿನ ಪಿನ್ ಮತ್ತು ಪಾಸ್‌ವರ್ಡ್ ಬದಲಿಸಿ. ಕಂಪನಿಯ ಫ್ರಾಡ್ ವಿಭಾಗವನ್ನು ಕೇಳಿ, ಸಾಮಾನ್ಯ ಬಿಲ್ಲಿಂಗ್‌ನವರನ್ನಲ್ಲ. ಫೆಡರಲ್ ಟ್ರೇಡ್ ಕಮಿಷನ್ನಿನ ಐಡೆಂಟಿಟಿ ಥೆಫ್ಟ್ ಸೈಟಿನಲ್ಲಿ ವರದಿ ಮಾಡಿ ಅದರ ಪ್ರತಿ ಇಟ್ಟುಕೊಳ್ಳಿ, ಊರಿನ ಪೊಲೀಸ್ ರಿಪೋರ್ಟೂ ಮಾಡಿಸಿ. ಡಬ್ಬಿ ಹೋದ ವಿಳಾಸ, ಕಾಲ್ ಬಂದ ನಂಬರ್ ಎಲ್ಲ ಅದರಲ್ಲಿ ಸೇರಲಿ.

ಹೊಸದಾಗಿ ಅಮೆರಿಕಕ್ಕೆ ಬಂದ ಅಪ್ಪ ಅಮ್ಮ ಮನೆಯಲ್ಲಿದ್ದರೆ ಅವರಿಗೆ ಇದನ್ನು ಬಿಡಿಸಿ ಹೇಳಿ. ಪಾಪ, ತಪ್ಪಾಗಿ ಬಂದದ್ದು ವಾಪಸ್ ಕೊಡೋಣ ಅಂತ ಅವರು ಒಳ್ಳೆ ಮನಸ್ಸಿನಿಂದಲೇ ಕೊಟ್ಟುಬಿಡುತ್ತಾರೆ. ನೀವಾಗಿ ಕಂಪನಿಗೆ ಲಾಗಿನ್ ಆಗಿ ಪಡೆದ ಲೇಬಲ್ ಬಿಟ್ಟು ಬೇರೆ ಯಾವ ವಿಳಾಸಕ್ಕೂ ಫೋನ್ ಹೋಗಬಾರದು.

ಕಸ್ಟಮರ್ ಕೇರ್ ಜೊತೆ ಮಾತಾಡೋದನ್ನ ರೆಕಾರ್ಡ್ ಮಾಡ್ಬಹುದಾ?

ಟೆಕ್ಸಸ್, ನ್ಯೂ ಜೆರ್ಸಿಯಂಥ ರಾಜ್ಯಗಳಲ್ಲಿ ಮಾತಾಡುವವರಲ್ಲಿ ಒಬ್ಬರ ಒಪ್ಪಿಗೆ ಸಾಕು, ಆ ಒಬ್ಬರು ನೀವೇ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ರಾಜ್ಯಗಳಲ್ಲಿ ಎಲ್ಲರಿಗೂ ಗೊತ್ತಿರಬೇಕು. ಆ ಕಡೆಯವರು ಯಾವ ರಾಜ್ಯದಲ್ಲಿ ಕೂತಿದ್ದಾರೋ ನಿಮಗೆ ತಿಳಿಯದು. ಆದ್ದರಿಂದ ಶುರುವಿನಲ್ಲೇ ನಾನೂ ರೆಕಾರ್ಡ್ ಮಾಡುತ್ತಿದ್ದೇನೆ ಅಂತ ಹೇಳಿಬಿಡಿ. ಬೇಡ ಅಂದರೆ ಚಾಟ್‌ಗೆ ಹೋಗಿ.

## ಬರೆದು ಕೇಳುವುದು, ದೂರು ಕೊಡುವುದು

ಕಂಪನಿಗೆ ಬರೆಯೋದು ಅಂದ್ರೆ ಏನ್ ಬರೀಬೇಕು? ನನಗೆ ಅಷ್ಟು ಚೆನ್ನಾಗಿ ಬರೆಯೋಕೆ ಬರಲ್ಲ.

ಚೆನ್ನಾಗಿ ಬರೆಯುವ ಅಗತ್ಯವೇ ಇಲ್ಲ. ಇಂಗ್ಲಿಷಿನಲ್ಲಿ ಇಷ್ಟು ಹೇಳಿದರೆ ಮುಗಿಯಿತು:

"ನನ್ನ ಅಕೌಂಟ್ ನಂಬರ್ ಇದು. ಇಂಥ ತಾರೀಕಿನ ಬಿಲ್ಲಿನಲ್ಲಿ ಇಷ್ಟು ಡಾಲರ್ ಫೋನ್ ವಾಪಸ್ ಬಂದಿಲ್ಲ ಅಂತ ಹಾಕಿದ್ದೀರಿ. ಆ ಚಾರ್ಜನ್ನು ನಾನು ಒಪ್ಪುವುದಿಲ್ಲ. ಇಂಥ ಐಎಂಇಐ ಇರುವ ಫೋನನ್ನು ನೀವೇ ಕೊಟ್ಟ ಲೇಬಲ್ ಮೇಲೆ, ಇಂಥ ಟ್ರ್ಯಾಕಿಂಗ್ ನಂಬರಿನಲ್ಲಿ ಕಳಿಸಿದ್ದೇನೆ. ಅದು ಇಂಥ ದಿನ, ಇಂಥ ಊರಿನ ನಿಮ್ಮ ಗೋದಾಮಿಗೆ ತಲುಪಿದೆ. ಪುರಾವೆ ಜೊತೆಗಿದೆ. ಚಾರ್ಜನ್ನೂ ಅದರ ಮೇಲಿನ ತೆರಿಗೆ ಮತ್ತು ತಡವಾದ ಶುಲ್ಕವನ್ನೂ ತೆಗೆಯಿರಿ. ತಕರಾರು ಮುಗಿಯುವ ತನಕ ಈ ಮೊತ್ತವನ್ನು ವಸೂಲಿಗೆ ಕಳಿಸಬೇಡಿ. 30 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ."

ಎಷ್ಟು ಕಾಲ್ ಮಾಡಿದೆ, ಯಾರು ಎಷ್ಟು ಹೊತ್ತು ಕಾಯಿಸಿದರು, ಎಷ್ಟು ಬೇಜಾರಾಯಿತು, ಅದೆಲ್ಲ ನಿಜವೇ, ಆದರೆ ಈ ಪತ್ರದಲ್ಲಿ ಬೇಡ. ಓದುವವರ ಕಣ್ಣು ನಂಬರುಗಳ ಮೇಲೆ ನಿಲ್ಲಬೇಕು. ಬಿಲ್ಲಿನ ಹಿಂದೆ ಪತ್ರ ವ್ಯವಹಾರಕ್ಕೆ ಅಂತ ಇರುವ ವಿಳಾಸಕ್ಕೆ ಅಂಚೆ ಕಚೇರಿಯಿಂದ ಸರ್ಟಿಫೈಡ್ ಮೇಲ್‌ನಲ್ಲಿ, ರಿಟರ್ನ್ ರಿಸೀಟ್ ಸಮೇತ ಕಳಿಸಿ. ಹಣ ಕಟ್ಟುವ ವಿಳಾಸ ಬೇರೆ, ಅಲ್ಲಿಗೆ ಕಳಿಸಿದರೆ ಯಾರೂ ಓದುವುದಿಲ್ಲ.

ಎಫ್‌ಸಿಸಿಗೆ ದೂರು ಕೊಟ್ರೆ ನಿಜವಾಗ್ಲೂ ಏನಾದ್ರೂ ಆಗತ್ತಾ?

ಆಗುತ್ತದೆ. ಈ ಪುಟದಲ್ಲಿ ಒಂದೇ ಒಂದು ಸಲಹೆ ಇಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಎಫ್‌ಸಿಸಿ ಅಂದರೆ ದೂರಸಂಪರ್ಕ ಕಂಪನಿಗಳ ಮೇಲಿನ ಫೆಡರಲ್ ಆಯೋಗ. ಅದರ ಸೈಟಿನಲ್ಲಿ ಅನೌಪಚಾರಿಕ ದೂರು ಕೊಡಲು ದುಡ್ಡಿಲ್ಲ, ವಕೀಲರು ಬೇಡ. ಫೋನ್, ಬಿಲ್ಲಿಂಗ್ ಅಂತ ಆರಿಸಿ ಮೇಲಿನ ಪತ್ರವನ್ನೇ ಅಂಟಿಸಿ, ಪುರಾವೆ ಸೇರಿಸಿ. ಆಯೋಗ ಅದನ್ನು ಕಂಪನಿಗೆ ದಾಟಿಸುತ್ತದೆ. ದಾಟಿಸಿದ ಮೇಲೆ 30 ದಿನದೊಳಗೆ ಕಂಪನಿ ಆಯೋಗಕ್ಕೆ ಬರವಣಿಗೆಯಲ್ಲಿ ಉತ್ತರಿಸಬೇಕು, ನಿಮಗೂ ಪ್ರತಿ ಕಳಿಸಬೇಕು. ಸೈಟ್ ಆಗದವರು 1-888-225-5322ಕ್ಕೆ ಕಾಲ್ ಮಾಡಬಹುದು.

ಆಯೋಗ ತೀರ್ಪು ಕೊಡುವುದಿಲ್ಲ, ಇದು ತಿಳಿದಿರಲಿ. ಆದರೆ ದೂರು ಹೋದ ಮೇಲೆ ನಿಮ್ಮ ಕೇಸು ಸಾಮಾನ್ಯ ಕಾಲ್ ಸೆಂಟರ್ ದಾಟಿ, ಚಾರ್ಜ್ ತೆಗೆಯುವ ಅಧಿಕಾರ ಇರುವವರ ಮೇಜಿಗೆ ಬರುತ್ತದೆ. ಅಲ್ಲಿಂದ ಕಾಲ್ ಬಂದರೆ ಎತ್ತಿ, ಒಪ್ಪಿದ್ದನ್ನು ಮೇಲ್ ಮಾಡಿ ಅನ್ನಿ. ಬಂದ ಉತ್ತರ ತಪ್ಪಾಗಿದ್ದರೆ ಸುಮ್ಮನಾಗಬೇಡಿ, ಯಾಕೆ ತಪ್ಪು ಅಂತ ಆಯೋಗಕ್ಕೇ ಮತ್ತೆ ಬರೆಯಿರಿ. ಜೊತೆಗೆ ನಿಮ್ಮ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ವಿಭಾಗಕ್ಕೂ ಅದೇ ದೂರು ಹಾಕಬಹುದು.

ಕ್ರೆಡಿಟ್ ಕಾರ್ಡಿಂದ ಆಗಲೇ ದುಡ್ಡು ಹೋಗಿದೆ. ಕಾರ್ಡ್ ಕಂಪನಿಗೆ ಡಿಸ್‌ಪ್ಯೂಟ್ ಹಾಕ್ಲಾ?

ಹಾಕಬಹುದು. 1974ರ ಫೇರ್ ಕ್ರೆಡಿಟ್ ಬಿಲ್ಲಿಂಗ್ ಕಾಯ್ದೆ ಈ ಹಕ್ಕು ಕೊಟ್ಟಿದೆ. ತಪ್ಪು ಮೊದಲು ಕಾಣಿಸಿದ ಸ್ಟೇಟ್‌ಮೆಂಟ್ ಕಳಿಸಿದ ದಿನದಿಂದ 60 ದಿನದೊಳಗೆ ಬರವಣಿಗೆಯಲ್ಲಿ ತಿಳಿಸಬೇಕು. ಬ್ಯಾಂಕ್ 30 ದಿನದಲ್ಲಿ ಪತ್ರ ತಲುಪಿದೆ ಅಂತ ಹೇಳಬೇಕು, ಎರಡು ಬಿಲ್ಲಿಂಗ್ ಸೈಕಲ್ ಒಳಗೆ, ಎಷ್ಟೇ ಆದರೂ 90 ದಿನದಲ್ಲಿ, ಮುಗಿಸಬೇಕು. ಅಲ್ಲಿಯ ತನಕ ತಕರಾರಿನ ಮೊತ್ತ ಕಟ್ಟಬೇಕಾಗಿಲ್ಲ.

ಇಡೀ ಫೋನ್ ಬಿಲ್ಲಿನ ಮೇಲೆ ಹಾಕಬೇಡಿ. 912 ಡಾಲರ್ ಹೋಗಿದ್ದು ಅದರಲ್ಲಿ 800 ಮಾತ್ರ ತಪ್ಪಾಗಿದ್ದರೆ 800ಕ್ಕೆ ಹಾಕಿ. ಆಮೇಲೆ, ಬ್ಯಾಂಕ್ ನಿಮ್ಮ ಕಡೆ ನಿಂತರೂ ಮೊಬೈಲ್ ಕಂಪನಿ ತನ್ನ ಪುಸ್ತಕದಲ್ಲಿ ಬಾಕಿ ಅಂತಲೇ ಇಟ್ಟು ಲೈನ್ ತಡೆಯುವ ಸಾಧ್ಯತೆ ಇದೆ. ಅದಕ್ಕೇ ನನ್ನ ಲೆಕ್ಕದಲ್ಲಿ ಮೊದಲು ಎಫ್‌ಸಿಸಿ, 60 ದಿನ ಹತ್ತಿರವಾದರೂ ಉತ್ತರ ಬರದಿದ್ದರೆ, ಗಡುವು ಮುಗಿಯುವ ಮೊದಲೇ ಕಾರ್ಡ್. ಡೆಬಿಟ್ ಕಾರ್ಡಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಅಲ್ಲಿ ಬೇರೆ ಫೆಡರಲ್ ಕಾನೂನು ಮತ್ತು ಬ್ಯಾಂಕಿನ ನಿಯಮ ನೋಡಬೇಕಾಗುತ್ತದೆ.

## ವಸೂಲಿ, ಕೋರ್ಟು

ಕಲೆಕ್ಷನ್ ಏಜೆನ್ಸಿಯಿಂದ ಕಾಲ್ ಬರ್ತಿದೆ. ಹೆದರಿಕೆ ಆಗ್ತಿದೆ.

ಹೆದರಬೇಡಿ, ಆದರೆ ಕಡೆಗಣಿಸಲೂಬೇಡಿ. 1977ರ ಸಾಲ ವಸೂಲಿ ಕಾಯ್ದೆಯ ಪ್ರಕಾರ ಅವರು ಮೊದಲ ಸಲ ಸಂಪರ್ಕಿಸಿದ ಐದು ದಿನದೊಳಗೆ ಎಷ್ಟು ಸಾಲ, ಯಾರಿಗೆ ಅಂತ ನೋಟಿಸ್ ಕೊಡಬೇಕು. ಅದು ಕೈಗೆ ಬಂದ 30 ದಿನದೊಳಗೆ ಈ ಸಾಲವನ್ನು ಒಪ್ಪುವುದಿಲ್ಲ, ಪುರಾವೆ ಕೊಡಿ ಅಂತ ಬರೆದು ಕಳಿಸಿ. ಬರೆದರೆ ಪುರಾವೆ ಕೊಡುವ ತನಕ ಅವರು ವಸೂಲಿ ನಿಲ್ಲಿಸಬೇಕು. ಬಾಯಲ್ಲಿ ಹೇಳಿದರೆ ಈ ರಕ್ಷಣೆ ಇಲ್ಲ. ಕಾಲ್‌ನಲ್ಲಿ ಸಾಲ ನನ್ನದೇ ಅನ್ನಬೇಡಿ, ಸದ್ಯಕ್ಕೆ 20 ಡಾಲರ್ ಕಟ್ಟಿ ಅಂದರೆ ಕಟ್ಟಬೇಡಿ.

ಬೆಳಗ್ಗೆ 8ಕ್ಕೆ ಮುಂಚೆ, ರಾತ್ರಿ 9ರ ನಂತರ ಕಾಲ್ ಮಾಡುವಂತಿಲ್ಲ. ಕಟ್ಟದಿದ್ದರೆ ಅರೆಸ್ಟ್ ಮಾಡಿಸುತ್ತೇವೆ ಅಂತ ಸುಳ್ಳು ಬೆದರಿಕೆ ಹಾಕುವುದು ಆ ಕಾಯ್ದೆಯ ಉಲ್ಲಂಘನೆ. ಇಂಥ ಮಾತು ಬಂದರೆ ದಿನ, ಗಂಟೆ, ಹೇಳಿದ ಮಾತು ಬರೆದಿಟ್ಟು ಗ್ರಾಹಕ ಹಣಕಾಸು ಸಂಸ್ಥೆಯಾದ ಸಿಎಫ್‌ಪಿಬಿಗೆ ದೂರು ಕೊಡಿ.

ನನ್ನ ಕ್ರೆಡಿಟ್ ಸ್ಕೋರ್ ಬಿದ್ದೋಯ್ತು. ಮನೆ ಸಾಲಕ್ಕೆ ಹಾಕೋ ಟೈಮಲ್ಲೇ!

ನಿಮ್ಮ ಸಾಲದ ದಾಖಲೆ ಇಡುವ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರು ಸಂಸ್ಥೆಗಳ ವರದಿಯನ್ನೂ ಆ್ಯನ್ಯುಯಲ್ ಕ್ರೆಡಿಟ್ ರಿಪೋರ್ಟ್ ಸೈಟಿನಲ್ಲಿ ವಾರಕ್ಕೊಮ್ಮೆ ಉಚಿತವಾಗಿ ತೆಗೆಯಬಹುದು. ಎಲ್ಲಿ ಎಲ್ಲಿ ಈ ಬಾಕಿ ಇದೆಯೋ ಆ ಸಂಸ್ಥೆಗೆ ಬೇರೆ ಬೇರೆಯಾಗಿ ತಕರಾರು ಹಾಕಿ. ಅವರಿಗೆ ಪರಿಶೀಲಿಸಲು ಸಾಮಾನ್ಯವಾಗಿ 30 ದಿನ. ಮಧ್ಯೆ ನೀವು ಹೊಸ ಕಾಗದ ಕಳಿಸಿದರೆ ಇನ್ನು 15 ದಿನ ಸೇರಬಹುದು, ಆದ್ದರಿಂದ ಎಲ್ಲವನ್ನೂ ಮೊದಲ ಸಲವೇ ಕಳಿಸಿ. ಬಿಟ್ಟರೆ ಇಂಥ ದಾಖಲೆ ಏಳು ವರ್ಷ ಉಳಿಯಬಹುದು.

ಎನ್‌ಸಿಟಿಯುಇ ಅಂತ ಇನ್ನೊಂದಿದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಫೋನ್, ಕರೆಂಟು, ಗ್ಯಾಸ್ ಥರದ ಬಿಲ್ಲುಗಳ ಬಾಕಿಯ ದಾಖಲೆ ಇಡುವ ಸಂಸ್ಥೆ. ಬೇರೆ ಕಂಪನಿಗೆ ಹೋದಾಗ ಡೆಪಾಸಿಟ್ ಕೇಳಿದರೆ ಕಾರಣ ಅಲ್ಲಿರಬಹುದು. ಅದರ ವರದಿಯನ್ನೂ ತರಿಸಿ ನೋಡಿ.

ಒಪ್ಪಂದದಲ್ಲಿ ಆರ್ಬಿಟ್ರೇಶನ್ ಅಂತ ಬರೆದಿದೆ. ಕೋರ್ಟಿಗೆ ಹೋಗೋ ಹಾಗೇ ಇಲ್ವಾ?

ಆರ್ಬಿಟ್ರೇಶನ್ ಅಂದರೆ ತಕರಾರನ್ನು ಕೋರ್ಟಿನ ಬದಲು ಮಧ್ಯಸ್ಥರೊಬ್ಬರು ತೀರ್ಮಾನಿಸುವುದು. ಅದನ್ನು ಒಪ್ಪಿರುವುದರಿಂದ ದೊಡ್ಡ ಕೋರ್ಟಿಗೆ, ಎಲ್ಲರೂ ಸೇರಿ ಹೂಡುವ ಕ್ಲಾಸ್ ಆ್ಯಕ್ಷನ್‌ಗೆ ಹೋಗುವುದು ಕಷ್ಟ. ಇದಕ್ಕೆ ಕಾರಣವಾದ ಕೇಸು ಫೋನಿನದೇ. ಕ್ಯಾಲಿಫೋರ್ನಿಯಾದ ಕಾನ್ಸೆಪ್ಸಿಯನ್ ದಂಪತಿ, ಉಚಿತ ಅಂತ ಜಾಹೀರಾತು ಮಾಡಿದ ಫೋನಿಗೆ 30.22 ಡಾಲರ್ ಸೇಲ್ಸ್ ಟ್ಯಾಕ್ಸ್ ಹಾಕಿದ್ದನ್ನು ಪ್ರಶ್ನಿಸಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಮೊಬೈಲ್ ಕಂಪನಿ ಏಟಿ ಅಂಡ್ ಟಿ ಮೊಬಿಲಿಟಿ ಪರ ತೀರ್ಪು ಕೊಟ್ಟಿತು: ಆರ್ಬಿಟ್ರೇಶನ್ ಒಪ್ಪಂದ ಇದ್ದರೆ ಗ್ರಾಹಕರು ಗುಂಪಾಗಿ ಅಲ್ಲ, ಒಬ್ಬೊಬ್ಬರಾಗಿಯೇ ಹೋಗಬೇಕು ಅಂತ. ಒಬ್ಬರೇ ಗ್ರಾಹಕರು 30 ಡಾಲರಿಗೆ ಯಾವ ಜಗಳ ಆಡುತ್ತಾರೆ ಹೇಳಿ? ಆ ತೀರ್ಪಿನಿಂದ ಗ್ರಾಹಕರಿಗೆ ಅನ್ಯಾಯವೇ ಆಯಿತು ಅನ್ನುವುದು ನನ್ನ ಅಭಿಪ್ರಾಯ.

ಆದರೆ ಸಣ್ಣ ಮೊತ್ತದ ದಾವೆಗಳನ್ನು ಕೇಳುವ ಸ್ಮಾಲ್ ಕ್ಲೇಮ್ಸ್ ಕೋರ್ಟಿನ ಬಾಗಿಲು ತೆರೆದೇ ಇದೆ, ದೊಡ್ಡ ಕಂಪನಿಗಳ ಒಪ್ಪಂದಗಳೇ ಅದಕ್ಕೆ ಅವಕಾಶ ಇಟ್ಟಿವೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವ್ಯಕ್ತಿ 12,500 ಡಾಲರ್ ತನಕ, ಟೆಕ್ಸಸ್‌ನಲ್ಲಿ 20,000, ನ್ಯೂ ಜೆರ್ಸಿಯಲ್ಲಿ 5,000 ತನಕ ಕೇಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಮೊತ್ತ ನೋಡಿ ಫೀ 30ರಿಂದ 75 ಡಾಲರ್, ಅಲ್ಲಿ ಕಂಪನಿಯೂ ನಿಮ್ಮ ಎದುರು ವಕೀಲರನ್ನು ನಿಲ್ಲಿಸುವಂತಿಲ್ಲ. ಮೊದಲು ಒಪ್ಪಂದದಲ್ಲಿ ಹೇಳಿದ ಹಾಗೆ ತಕರಾರಿನ ನೋಟಿಸ್ ಕಳಿಸಿ ಅವರು ಕೇಳಿದಷ್ಟು ದಿನ ಕಾಯಬೇಕು. ಆಮೇಲೆ ಸಮನ್ಸ್ ಕಳಿಸುವುದು ಅಂಗಡಿಗಲ್ಲ, ಕಂಪನಿಯ ಪರವಾಗಿ ಕೋರ್ಟಿನ ಕಾಗದ ತೆಗೆದುಕೊಳ್ಳುವ ರಿಜಿಸ್ಟರ್ಡ್ ಏಜೆಂಟಿಗೆ. ಆ ವಿಳಾಸ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಸೈಟಿನಲ್ಲಿ ಸಿಗುತ್ತದೆ. ಎಷ್ಟೋ ಕೇಸು ಸಮನ್ಸ್ ತಲುಪಿದ ಮೇಲೆ ಕೋರ್ಟಿನ ಹೊರಗೇ ಮುಗಿಯುತ್ತವೆ.

ನಾನು ಓದು ಮುಗಿಸಿ ಮೈಸೂರಿಗೆ ವಾಪಸ್ ಬಂದಿದೀನಿ. ಇಲ್ಲಿಂದ ಏನ್ ಮಾಡೋಕಾಗತ್ತೆ?

ಸಾಕಷ್ಟು ಆಗುತ್ತದೆ. ಚಾಟ್, ಎಫ್‌ಸಿಸಿ ದೂರು ಎರಡೂ ಮೈಸೂರಿನಿಂದಲೇ ಆನ್‌ಲೈನಿನಲ್ಲಿ ಮಾಡಬಹುದು. ಪತ್ರ ಬರಲು ಅಮೆರಿಕದಲ್ಲಿರುವ ಗೆಳೆಯರೊಬ್ಬರ ವಿಳಾಸ ಕೊಡಿ, ಅವರಿಗೆ ಮುಂಚೆಯೇ ಹೇಳಿಟ್ಟಿರಿ. ಅಕೌಂಟ್ ಇನ್ನೂ ತೆರೆದಿದ್ದರೆ ಅವರನ್ನು ಅಧಿಕೃತ ಬಳಕೆದಾರರಾಗಿ ಸೇರಿಸಿದರೆ ನಿಮ್ಮ ಪರ ಅವರೇ ಮಾತಾಡಬಹುದು. ಮತ್ತೆ ಅಮೆರಿಕಕ್ಕೆ ಹೋಗುವ ಯೋಚನೆ ಇದ್ದರಂತೂ ಬಿಡಬೇಡಿ, ನಿಮ್ಮ ಕ್ರೆಡಿಟ್ ದಾಖಲೆ ಅಲ್ಲೇ ಕಾಯುತ್ತಿರುತ್ತದೆ.

ಇನ್ನೂ ಹೊರಡದವರಿಗೆ ಒಂದು ಮಾತು. ಅಕೌಂಟಿಗೆ ಕೊಟ್ಟ ಮೇಲ್ ವಿಳಾಸ ಯೂನಿವರ್ಸಿಟಿಯದಾಗಿದ್ದರೆ ಈಗಲೇ ಬದಲಿಸಿ, ಫೋನ್ ಹಿಂದಿರುಗಿಸಿ ಕೊನೆಯ ಬಿಲ್ ಸೊನ್ನೆಗೆ ಬಂದದ್ದನ್ನು ನೋಡುವ ತನಕ ಹೊಸ ಮೇಲ್ ನೋಡುತ್ತಿರಿ. ಓದು ಮುಗಿದ ಮೇಲೆ ಆ ಮೇಲ್ ಮುಚ್ಚಿಹೋಗಿ, ನೋಟಿಸುಗಳೆಲ್ಲ ಅಲ್ಲೇ ಸತ್ತುಹೋದ ಕೇಸುಗಳಿವೆ. ಅಮೆರಿಕದ ನಂಬರ್ ಉಳಿಸಿಕೊಳ್ಳಬೇಕಿದ್ದರೆ ಅಕೌಂಟ್ ಮುಚ್ಚುವ ಮುಂಚೆಯೇ ಪೋರ್ಟ್ ಮಾಡಿ, ಇಂಟರ್ನೆಟ್ ಮೂಲಕ ನಡೆಯುವ ಗೂಗಲ್ ವಾಯ್ಸ್‌ಗಾದರೆ ಒಂದು ಸಲಕ್ಕೆ 20 ಡಾಲರ್. ಪಿಡಿಎಫ್ ಬಿಲ್ಲುಗಳನ್ನು ಅದಕ್ಕೂ ಮೊದಲೇ ಇಳಿಸಿಕೊಳ್ಳಿ, ಅಕೌಂಟ್ ಮುಚ್ಚಿದ ಮೇಲೆ ಲಾಗಿನ್ ಎಷ್ಟು ದಿನ ನಡೆಯುತ್ತದೋ ಹೇಳಲಾಗದು.